1862ರ ರಾಣಿ ರೂಪಾಯಿ: ಕಿರೀಟದ ಮೇಲಿನ ಆರು ಮಿಲಿಮೀಟರ್ ಎಲ್ಲಿ ಹೋಯ್ತು?

ನಾಣ್ಯ: ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, 1862. ತಂದದ್ದು ನಮ್ಮ ಭಾವ. ಕೊಟ್ಟದ್ದು 4,500 ರೂಪಾಯಿ. ಮಾರಿದವರು ಹೇಳಿದ್ದು, "ಇದು ಟಂಕಸಾಲೆಯಲ್ಲೇ ಆದ ಎರರ್ ಸಾರ್, ಅಂಚೇ ಸರಿಯಾಗಿ ಬಿದ್ದಿಲ್ಲ ನೋಡಿ. ಇಂಥದ್ದು ಸಿಗೋದು ಅಪರೂಪ."

1862 ಅಂತ ಬರೆದಿರುವ ರೂಪಾಯಿ ಮಾತ್ರ ಅಪರೂಪವೇನಲ್ಲ. ಆ ವರ್ಷದ ಅಚ್ಚನ್ನು ವರ್ಷ ಬದಲಾಯಿಸದೆ 1874ರವರೆಗೂ ಹೊಡೆದರು. ಹಾಗಾಗಿ ಭಾವ ಜಾಸ್ತಿ ಕೊಟ್ಟದ್ದೆಲ್ಲ ಆ 'ಎರರ್' ಎಂಬ ಮಾತಿಗೆ. ಆ ಮಾತು ನಿಜವೋ ಸುಳ್ಳೋ ನೋಡಿ ಹೇಳು ಅಂತ ನಾಣ್ಯವನ್ನು ನನ್ನ ಕೈಗೆ ಹಾಕಿದರು.

ಏನೇನು ಹಾಳಾಗಿದೆ

ಗಡಿಯಾರದ ಲೆಕ್ಕದಲ್ಲಿ ಹೇಳುತ್ತೇನೆ. ರಾಣಿಯ ಮುಖ ನಮ್ಮ ಕಡೆಗಿದ್ದಾಗ ಕಿರೀಟದ ನೇರ ಮೇಲೆ 12 ಗಂಟೆ.

12 ಗಂಟೆಯ ಜಾಗದಲ್ಲಿ ಅಂಚು ದುಂಡಗಿಲ್ಲ, ಚಪ್ಪಟೆಯಾಗಿದೆ. ಉದ್ದ ಸುಮಾರು 6 ಮಿ.ಮೀ. ಅಲ್ಲಿ ಅಂಚಿನ ಹಲ್ಲುಗಳೂ ಇಲ್ಲ, ನುಣುಪಾಗಿದೆ. ಹಿಂಬದಿಯಲ್ಲಿ ಅದೇ ಜಾಗದಿಂದ ಕೆಳಕ್ಕೆ ಬೂದು-ನೇರಳೆ ಬಣ್ಣದ ಮಸುಕು ಕಲೆ ಇಳಿದಿದೆ. ಹಿಂಬದಿಯ ಹೂಬಳ್ಳಿಯ ಒಂದು ಎಲೆಯ ಸಂದಿಯಲ್ಲಿ ಹಸಿರು ಚುಕ್ಕಿ, ಸಾಸಿವೆಗಿಂತ ಚಿಕ್ಕದು. ರಾಣಿಯ ಕೆನ್ನೆಯ ಕೆಳಗೆ, ಕುತ್ತಿಗೆಯ ಹತ್ತಿರ, ಅರ್ಧಚಂದ್ರದ ಆಕಾರದ ಒಂದು ಸಣ್ಣ ಗುದ್ದು. ಹಿಂಬದಿಯ ಮೇಲ್ಭಾಗದಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು.

ಇವೆಲ್ಲ ಒಂದೇ ಸಲ ಆದವಲ್ಲ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕಷ್ಟ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಹಾಳಾದ ನಾಣ್ಯ ನೋಡುವಾಗ ನಾನು ಹಿಡಿಯುವ ದಾರಿ ಒಂದೇ: ಎರಡು ಗುರುತು ಒಂದನ್ನೊಂದು ಮುಟ್ಟುವ ಜಾಗ ಹುಡುಕಬೇಕು, ಯಾವುದು ಯಾವುದರ ಮೇಲೆ ಕೂತಿದೆ ಅಂತ ನೋಡಬೇಕು. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಗುರುತಿಗೂ ಹತ್ತು ಕಥೆ ಕಟ್ಟಬಹುದು.

ಸಾಮಾನು

0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, 450 ರೂಪಾಯಿ. ವ್ಯಾಸ, ದಪ್ಪ ಅಳೆಯುವ ಡಿಜಿಟಲ್ ವರ್ನಿಯರ್, 700. ಕಂಪ್ಯೂಟರ್‌ಗೆ ಚುಚ್ಚುವ ಮೈಕ್ರೋಸ್ಕೋಪ್, 1,600. ಇವು ಮೊದಲೇ ಇದ್ದವು. ಈ ಕೆಲಸಕ್ಕೆ ಅಂತ ಹೊಸದಾಗಿ ತಂದದ್ದು ಅಸಿಟೋನ್ ಬಾಟಲಿ, ಹೊಲಿಗೆ ಸೂಜಿ, ಒಂದು ಚೂರು 925 ಬೆಳ್ಳಿ (ಸಾವಿರಕ್ಕೆ 925 ಪಾಲು ಬೆಳ್ಳಿ) ತಗಡು. ತಗಡಿಗೂ ಅಕ್ಕಸಾಲಿಗರ ಕೂಲಿಗೂ ಸೇರಿ 600ರ ಹತ್ತಿರ ಆಯಿತು.

ವರ್ನಿಯರ್ ಬಗ್ಗೆ ಒಂದು ಮಾತು. ಅದರ ಉಕ್ಕಿನ ದವಡೆ ಬೆಳ್ಳಿಗೆ ಗೀರು ಹಾಕುತ್ತದೆ. ನಾನು ಎರಡೂ ದವಡೆಗೆ ತೆಳು ಪ್ಲಾಸ್ಟಿಕ್ ಟೇಪ್ ಅಂಟಿಸಿ, ಮುಚ್ಚಿ, ಸೊನ್ನೆಗೆ ತಂದು ಆಮೇಲೆ ಅಳೆಯುತ್ತೇನೆ.

ಹಂತ 1: ಮುಟ್ಟುವ ಮೊದಲು ಫೋಟೋ

ತೊಳೆಯಲಿಲ್ಲ, ಒರೆಸಲಿಲ್ಲ. ಹಳೆ ಬೆಳ್ಳಿ ಕೈಗೆ ಸಿಕ್ಕಿದ ಕೂಡಲೇ ಹುಣಸೆಹಣ್ಣು ಹಾಕಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಈ ನಾಣ್ಯಕ್ಕೆ ಹಾಗೆ ಮಾಡಿದ್ದರೆ ಮುಂದೆ ಹೇಳುವ ಅರ್ಧ ಸಾಕ್ಷಿ ಚರಂಡಿಗೆ ಹೋಗುತ್ತಿತ್ತು.

ಬೆಳಕನ್ನು ಮೇಲಿಂದ ಬಿಟ್ಟರೆ ಎಲ್ಲವೂ ಚಪ್ಪಟೆ ಕಾಣುತ್ತದೆ. ಟೇಬಲ್ ಲ್ಯಾಂಪನ್ನು ನಾಣ್ಯದ ಮಟ್ಟಕ್ಕೇ ಇಳಿಸಿ, ಪಕ್ಕದಿಂದ ಬೆಳಕು ಹಾಯಿಸಿ, ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೋ ತೆಗೆದೆ. ಒಂದು ಕೋನದಲ್ಲಿ ಹಿಂಬದಿಯ ಕಲೆಯ ಆಕಾರ ಸ್ಪಷ್ಟವಾಯಿತು. 12 ಗಂಟೆಯ ಅಂಚಿನಿಂದ ಒಳಕ್ಕೆ ಸುಮಾರು 3 ಮಿ.ಮೀ. ನಾಲಿಗೆಯಂತೆ ಚಾಚಿದ ಒಂದು ಜಾಗ, ಸುತ್ತಲಿನ ಬೆಳ್ಳಿಗಿಂತ ಕೂದಲೆಳೆಯಷ್ಟು ಎತ್ತರ, ಬಣ್ಣವೂ ಸ್ವಲ್ಪ ಹಳದಿ. ಅದರ ಸುತ್ತ ಆ ಬೂದು-ನೇರಳೆ ಮಸುಕು ಹರಡಿ, ಕೆಳಕ್ಕೆ ಬಂದಂತೆ ತೆಳುವಾಗಿ ಮಾಯವಾಗಿದೆ.

ಹಂತ 2: ತೂಕ, ವ್ಯಾಸ, ಸ್ವಲ್ಪ ಲೆಕ್ಕ

ಆ ಕಾಲದ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಒಂದು ತೊಲೆಯೂ ಅಷ್ಟೇ. ಅದಕ್ಕೇ ಹಿಂದೆ ತೂಕದ ಕಲ್ಲಿನ ಬದಲು ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದರು.

ಈ ನಾಣ್ಯ ತೂಗಿದ್ದು 11.31. ಕಡಿಮೆ ಆದದ್ದು 0.35 ಗ್ರಾಂ, ನೂರಕ್ಕೆ ಮೂರರಷ್ಟು.

ಭಾವ ಕೂಡಲೇ, "ಹಾಗಾದ್ರೆ ಬೆಳ್ಳಿ ಕದಿಯೋಕೆ ಅಂತ ಯಾರೋ ಅಂಚು ಅರ ಹಾಕಿ ಉಜ್ಜಿದಾರೆ" ಅಂದರು. ಚೆನ್ನಾಗಿರುವ ಊಹೆ. ಅಂಚಿಗೆ ಹಲ್ಲು ಬಿಡುವುದೇ ಇಂಥ ಕಳ್ಳತನ ಕಣ್ಣಿಗೆ ಬೀಳಲಿ ಅಂತ. ಆದರೆ ಲೆಕ್ಕ ಹಾಕಿದರೆ ಊಹೆ ನಿಲ್ಲುವುದಿಲ್ಲ.

3 ಗಂಟೆಯಿಂದ 9 ಗಂಟೆಗೆ ಅಡ್ಡ ಅಳತೆ 30.5 ಮಿ.ಮೀ. 12ರಿಂದ 6ಕ್ಕೆ 30.2. ಅಂದರೆ ಮೇಲೆ ಹೋಗಿರುವ ಆಳ 0.3 ಮಿ.ಮೀ. ಮಾತ್ರ. ಇದು ಸರಿಯೇ ಅಂತ ಇನ್ನೊಂದು ದಾರಿಯಲ್ಲೂ ನೋಡಿದೆ. 30.5 ಮಿ.ಮೀ. ವ್ಯಾಸದ ವೃತ್ತದಲ್ಲಿ 6 ಮಿ.ಮೀ. ಉದ್ದದ ನೇರ ಗೆರೆ ಎಳೆದು ಮೇಲಿನದನ್ನು ಕತ್ತರಿಸಿದರೆ, ಆಳ 36 ÷ (8 × 15.25) = 0.295. ಎರಡೂ ಸರಿಹೋಯಿತು.

ಈಗ ಹೋದ ಬೆಳ್ಳಿಯ ಲೆಕ್ಕ. ಕತ್ತರಿಸಿದ ಚೂರಿನ ವಿಸ್ತೀರ್ಣ ಉದ್ದ × ಆಳದ ಮೂರರಲ್ಲಿ ಎರಡು ಪಾಲು, ಅಂದರೆ 1.18 ಚದರ ಮಿ.ಮೀ. ಅಂಚಿನ ದಪ್ಪ 1.9. ಗುಣಿಸಿದರೆ 2.24 ಘನ ಮಿ.ಮೀ. ಈ ಬೆಳ್ಳಿ ಘನ ಮಿಲಿಮೀಟರಿಗೆ 10.3 ಮಿಲಿಗ್ರಾಂ ತೂಗುತ್ತದೆ. ಒಟ್ಟು 23 ಮಿಲಿಗ್ರಾಂ.

0.35 ಗ್ರಾಂನಲ್ಲಿ 0.02 ಗ್ರಾಂ ಮಾತ್ರ ಆ ಚಪ್ಪಟೆ ಅಂಚಿನದು! ಮಿಕ್ಕಿದ್ದೆಲ್ಲ ಸವೆತ. ಅಂಚಿನ ಬೇರೆ ಕಡೆ ಎಲ್ಲೂ ಅರ ಆಡಿದ ಗುರುತಿಲ್ಲ, ಹಲ್ಲುಗಳು ಸವೆದಿವೆ ಅಷ್ಟೇ. 23 ಮಿಲಿಗ್ರಾಂ ಬೆಳ್ಳಿಗಾಗಿ ಎಲ್ಲರಿಗೂ ಕಾಣುವಂತೆ ರಾಣಿಯ ಕಿರೀಟದ ಮೇಲೇ ಅರ ಆಡಿಸುವ ಕಳ್ಳ ಇರಲಾರ.

ಹಂತ 3: ಟಂಕಸಾಲೆಯ ಎರರ್ ಹೌದಾ?

ಇದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಟಂಕಸಾಲೆಯಲ್ಲಿ ಅಂಚು ಕಡಿಮೆಯಾಗುವ ದೋಷ ಇದೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಕತ್ತರಿ ತಗಡಿನ ಅಂಚಿಗೋ ಹಿಂದಿನ ತೂತಿಗೋ ತಾಗಿದರೆ ಬಿಲ್ಲೆಯ ಒಂದು ಪಕ್ಕ ಕಡಿದಂತೆ ಬರುತ್ತದೆ. ಅಂಥ ಬಿಲ್ಲೆಯ ಅಂಚನ್ನು ಯಂತ್ರದಲ್ಲಿ ಒತ್ತಿ ಎಬ್ಬಿಸುವಾಗ ಕಡಿದ ಕಡೆ ಒತ್ತಡ ಬೀಳುವುದಿಲ್ಲ. ಹಾಗಾಗಿ ಅದರ ನೇರ ಎದುರುಗಡೆಯ ಅಂಚೂ ಸರಿಯಾಗಿ ಏಳದೆ ಮಂಕಾಗಿರುತ್ತದೆ. ನಾಣ್ಯ ಸಂಗ್ರಹಿಸುವವರು ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ಜೊತೆಗೆ ಕಡಿದ ಜಾಗದ ಹತ್ತಿರ ಅಚ್ಚಿನ ವಿವರಗಳು ಆ ಕಡೆಗೆ ಸ್ವಲ್ಪ ಹರಿದು ಎಳೆದಂತೆ ಆಗಿರುತ್ತವೆ, ಯಾಕೆಂದರೆ ಹೊಡೆತ ಬಿದ್ದಾಗ ಲೋಹ ಖಾಲಿ ಜಾಗಕ್ಕೆ ನುಗ್ಗುತ್ತದೆ.

ಇಲ್ಲಿ ಎದುರುಗಡೆ, 6 ಗಂಟೆಯಲ್ಲಿ, ಅಂಚು ಗಟ್ಟಿಯಾಗಿ ಪೂರ್ತಿ ಎದ್ದಿದೆ. 12ರಲ್ಲಿ ಅಂಚಿಗೆ ತಾಗಿದ ಚುಕ್ಕಿಗಳ ಸಾಲು ಎಲ್ಲೂ ಎಳೆದಿಲ್ಲ, ಅರ್ಧಕ್ಕೆ ಕತ್ತರಿಸಿ ನಿಂತಿದೆ. ಅಂದರೆ ಚುಕ್ಕಿ ಮೊದಲು, ಕತ್ತರಿಕೆ ಆಮೇಲೆ.

ಅಚ್ಚು ಹೊಡೆಯುವಾಗ ಸುತ್ತ ಹಿಡಿದಿರುವ ಬಳೆಯಲ್ಲಿ ಏನಾದರೂ ತೊಂದರೆಯಾಗಿ ಹಲ್ಲು ಬೀಳಲಿಲ್ಲ ಅನ್ನೋಣ ಎಂದರೆ ಅದೂ ಆಗುವುದಿಲ್ಲ. ಬಳೆ ಹಿಡಿಯದ ಕಡೆ ಲೋಹ ಹೊರಕ್ಕೆ ಉಬ್ಬುತ್ತದೆ, ಒಳಕ್ಕೆ ಹೋಗುವುದಿಲ್ಲ. ನಮ್ಮದು ಒಳಕ್ಕೆ ಹೋಗಿದೆ.

ಮೈಕ್ರೋಸ್ಕೋಪಿನಲ್ಲಿ ಚಪ್ಪಟೆ ಜಾಗದ ತುಂಬ ಓರೆಯಾಗಿ, ಒಂದರ ಪಕ್ಕ ಒಂದು, ನೇರ ಗೆರೆಗಳು. ತುದಿಯಲ್ಲಿ ಬೆಳ್ಳಿ ಚೂರು ಮಡಚಿಕೊಂಡ ಚೂಪು ಅಂಚು ಇನ್ನೂ ಇದೆ. ಇದು ಕೈ ಅರದ ಗುರುತು. ಚಿಕ್ಕ ಮೋಟಾರು ಚಕ್ರ ಹಿಡಿದಿದ್ದರೆ ಗೆರೆಗಳು ನೇರವಾಗಿ ಇರುತ್ತಿರಲಿಲ್ಲ, ಮೋಟು ಕಮಾನುಗಳಾಗಿ ಇರುತ್ತಿದ್ದವು.

ಭಾವನಿಗೆ ಫೋನ್ ಮಾಡಿ, "ಎರರ್ ಅಲ್ಲ ಭಾವ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಮತ್ತೆ ಏನು?" ಅಂದರು. ಅದು ಬೇರೆ ಪ್ರಶ್ನೆ.

ಹಂತ 4: ಹಸಿರು ಚುಕ್ಕಿ

ಇಲ್ಲಿ ನಾನು ಬಹಳ ಹೊತ್ತು ಸಿಕ್ಕಿಹಾಕಿಕೊಂಡೆ.

ಹಸಿರು ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ಕಿಲುಬು. ಈ ಬೆಳ್ಳಿಯಲ್ಲಿ ನೂರಕ್ಕೆ ಎಂಟು ಪಾಲಿಗೂ ಮಿಕ್ಕಿ ತಾಮ್ರ ಇದೆ. ಒದ್ದೆ ಮಣ್ಣಲ್ಲಿ ಬಿದ್ದಿದ್ದರೆ ತಾಮ್ರ ಹೊರಗೆ ಬಂದು ಹಸಿರಾಗಬಹುದು. ಹಾಗಾದರೆ ಇದು ಹೊಲದಲ್ಲಿ ಸಿಕ್ಕ ನಾಣ್ಯ, ಅಂಚಿಗೆ ಗುದ್ದಲಿಯೋ ನೇಗಿಲೋ ತಾಗಿದೆ, ಯಾರೋ ಆಮೇಲೆ ಅರ ಹಾಕಿ ಸರಿಮಾಡಿದ್ದಾರೆ ಎಂಬ ಕಥೆ ಕಟ್ಟಿದೆ. ಕಥೆ ಚೆನ್ನಾಗಿಯೇ ಇತ್ತು. ಆದರೆ ಬೇರೆಲ್ಲೂ ಮಣ್ಣಿನ ಗುರುತಿಲ್ಲ, ಮೈ ತಿಂದುಹೋದ ಗುಳಿಗಳೂ ಇಲ್ಲ. ಇಡೀ ನಾಣ್ಯದಲ್ಲಿ ಹಸಿರು ಇರುವುದು ಅದೊಂದೇ ಚುಕ್ಕಿ, ಅದೂ ಸರಿಯಾಗಿ ಆ ನಾಲಿಗೆಯ ಕೆಳಗೆ.

ಅಸಿಟೋನ್ ಅದ್ದಿದ ಹತ್ತಿ ಒತ್ತಿ ಹಿಡಿದೆ. ಜಿಡ್ಡು, ಅಂಟು, ಪ್ಲಾಸ್ಟಿಕ್ ಲಕೋಟೆಯಿಂದ ಬರುವ ಹಸಿರು ಲೋಳೆ ಆಗಿದ್ದರೆ ಕರಗಬೇಕಿತ್ತು. ಏನೂ ಆಗಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಗರಿಷ್ಠ ದೊಡ್ಡದು ಮಾಡಿ ನೋಡಿದಾಗ ಸಂಶಯ ಬಂತು. ಕಿಲುಬು ಪುಡಿ ಪುಡಿಯಾಗಿ, ಮಂಕಾಗಿ ಇರುತ್ತದೆ. ಇದು ಹೊಳೆಯುತ್ತಿದೆ. ದುಂಡಗಿದೆ. ಒಳಗೆ ಒಂದು ಗಾಳಿಗುಳ್ಳೆ ಕೂಡ ಇದೆ! ಬಣ್ಣವೂ ಹಸಿರಿಗಿಂತ ನೀಲಿ ಕಡೆಗೆ. ಸೂಜಿ ಮೊನೆಯಿಂದ ತುದಿಯನ್ನು ಒತ್ತಿದೆ. ಪುಡಿಯಾಗಲಿಲ್ಲ, ಟಕ್ ಅಂತ ಚೂರು ಹಾರಿತು. ಗಾಜು ಒಡೆದಂತೆ.

ಹಾರಿದ ಚೂರನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು, ಬಿಸಿನೀರಿನ ಹನಿ ಹಾಕಿ, ಒಣಗದ ಹಾಗೆ ಮುಚ್ಚಿಟ್ಟೆ. ಮಾರನೇ ಬೆಳಗ್ಗೆ ಚೂರು ಇರಲಿಲ್ಲ. ಕರಗಿಹೋಗಿತ್ತು. ಗಾಜಾಗಿದ್ದರೆ ಕರಗುತ್ತಿರಲಿಲ್ಲ. ಸಾಮಾನ್ಯ ಕಿಲುಬೂ ಬರೀ ನೀರಿಗೆ ಕರಗುವುದಿಲ್ಲ.

ಗಾಜಿನಂತೆ ಒಡೆಯುವ, ನೀರಿನಲ್ಲಿ ನಿಧಾನಕ್ಕೆ ಕರಗುವ, ತಾಮ್ರ ಸೇರಿದರೆ ನೀಲಿ-ಹಸಿರಾಗುವ ವಸ್ತು ಯಾವುದು ಅಂತ ಅಕ್ಕಸಾಲಿಗರ ಅಂಗಡಿ ಮುಂದೆ ಕೂತವರಿಗೆ ಗೊತ್ತಿರುತ್ತದೆ. ಬಿಳಿಗಾರ. ಬೆಸುಗೆ ಹಾಕುವ ಮೊದಲು ಹಚ್ಚುವ ಬಿಳಿಗಾರ ಬೆಂಕಿಗೆ ಕರಗಿ ಗಾಜಾಗುತ್ತದೆ, ತಾಮ್ರದ ಕಿಟ್ಟವನ್ನು ತನ್ನೊಳಗೆ ಎಳೆದುಕೊಂಡು ಬಣ್ಣ ತಿರುಗುತ್ತದೆ.

ಅಲ್ಲಿಗೆ ಹೊಲದ ಕಥೆ ಮುಗಿಯಿತು. ಈ ನಾಣ್ಯಕ್ಕೆ ಬೆಂಕಿ ಸೋಕಿದೆ. ಚುಕ್ಕಿಯ ಮಿಕ್ಕ ಭಾಗವನ್ನು ಮುಟ್ಟದೆ ಹಾಗೇ ಬಿಟ್ಟೆ.

ಹಂತ 5: ನೀರಿನಲ್ಲಿ ತೂಕ

ಇದು ಬೆಳ್ಳಿಯೇ ಹೌದಾ ಅನ್ನುವುದಕ್ಕೆ. ಬಿಳಿಗಾರ ನೀರಿಗೆ ಕರಗುತ್ತದೆ ಎಂಬ ಕಾರಣಕ್ಕೆ ಚುಕ್ಕಿಯ ಕೆಲಸ ಮುಗಿದ ಮೇಲೆ, ತಣ್ಣೀರಿನಲ್ಲಿ, ಬೇಗ ಮುಗಿಸಿದೆ.

ತಕ್ಕಡಿ ಮೇಲೆ ಅರ್ಧ ಲೋಟ ನೀರು ಇಟ್ಟು ಸೊನ್ನೆ ಮಾಡಬೇಕು. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನೊಳಗೆ ತೂಗುಬಿಡಬೇಕು. ತಕ್ಕಡಿ ತೋರಿಸುವ ಅಂಕಿಯೇ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಗಾಳಿಯಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ಮೊದಲ ಸಲ ಬಂದದ್ದು 1.17. ಭಾಗಿಸಿದರೆ 9.67. ಗಾಬರಿಯಾಯಿತು. ರಾಣಿ ರೂಪಾಯಿಯ 917 ಬೆಳ್ಳಿಗೆ (ಸಾವಿರಕ್ಕೆ 917 ಪಾಲು) 10.3ರ ಮೇಲೆ ಇರಬೇಕು. 9.67 ಅಂದರೆ 1940ರ ಆಮೇಲಿನ ಅರ್ಧ ಬೆಳ್ಳಿ ರೂಪಾಯಿಯ ಹತ್ತಿರದ ಅಂಕಿ. 1862ರ ಅಚ್ಚಿನಲ್ಲಿ ಅದು ಬಂದರೆ ನಾಣ್ಯವೇ ನಕಲಿ ಅಂತ.

ಬಗ್ಗಿ ನೋಡಿದರೆ ಅಂಚಿನ ಹಲ್ಲುಗಳ ಸಂದಿಯಲ್ಲಿ ಗಾಳಿಗುಳ್ಳೆಗಳ ಸಾಲು. ದಾರದ ಗಂಟಿನಲ್ಲೂ ಒಂದು. ನೀರನ್ನು ಕುದಿಸಿ ಆರಿಸಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ದಾರದ ಬದಲು ತೆಳು ನೈಲಾನ್ ಎಳೆ ಕಟ್ಟಿ ಮತ್ತೆ ಮಾಡಿದಾಗ 1.10. ಅಂದರೆ 10.28. ಈ ತಕ್ಕಡಿಯಲ್ಲಿ 0.01 ಆಚೀಚೆಯಾದರೂ ಉತ್ತರ 0.1ರಷ್ಟು ಬದಲಾಗುತ್ತದೆ. ಹಾಗಾಗಿ 917 ಅಂತ ಖಚಿತವಾಗಿ ಹೇಳಲು ಇದು ಸಾಲದು. ಅರ್ಧ ಬೆಳ್ಳಿ ಅಲ್ಲ ಅನ್ನುವುದಕ್ಕೆ ಸಾಕು.

ಹಂತ 6: ಆಚಾರ್ರ ಅಂಗಡಿಯಲ್ಲಿ

ನಮಗೆ ಪರಿಚಯದ ಹಿರಿಯ ಅಕ್ಕಸಾಲಿಗರೊಬ್ಬರಿದ್ದಾರೆ. ನಾಣ್ಯವನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದರು, ಅಷ್ಟೇ.

"ಕುಣಿಕೆ ಕಿತ್ತಿದಾರೆ ಕಣಪ್ಪ. ಪದಕ ಮಾಡ್ಕೊಂಡು ಹಾಕ್ಕೋತಿದ್ರು. ಹಿಂದೆ ನಾಲಿಗೆ ಕೂರಿಸಿ ಬೆಸುಗೆ ಹಾಕಿರೋದು."

"ಸುತ್ತ ಬಳೆ ಕಟ್ಟಿರಲಿಲ್ವಾ ಆಚಾರ್ರೇ?"

"ಬಳೆ ಕಟ್ಟಿದ್ರೆ ಅಂಚೆಲ್ಲ ಗುರುತಿರ್ತಿತ್ತಲ್ಲಪ್ಪ. ಇದು ಬರೀ ಕುಣಿಕೆ."

ಅವರ ಮಾತು ಸರಿಯೇ ಇರಬೇಕು. ಆದರೂ ಮಾಡಿ ನೋಡೋಣ ಅನ್ನಿಸಿತು. ಹಳೆ ನಾಣ್ಯವನ್ನು ಪ್ರಯೋಗಕ್ಕೆ ಹಾಳುಮಾಡುವುದು ನನಗೆ ಇಷ್ಟವಿಲ್ಲ. ಚಲಾವಣೆಯ ನಾಣ್ಯ ಹಾಳುಮಾಡುವುದಕ್ಕೆ 2011ರ ನಾಣ್ಯ ಕಾಯ್ದೆಯೇ ಅಡ್ಡ ಬರುತ್ತದೆ, ಆ ನಾಣ್ಯಗಳಲ್ಲಿ ಬೆಳ್ಳಿಯೂ ಇಲ್ಲ. ಅದಕ್ಕೇ 925 ತಗಡು. ರಾಣಿ ರೂಪಾಯಿಯ ಬೆಳ್ಳಿಗೆ ತೀರ ಹತ್ತಿರ.

ಮೊದಲನೆಯದು ಮನೆಯಲ್ಲೇ ಮಾಡಿದೆ. ರೇಡಿಯೋ ರಿಪೇರಿಗೆ ಬಳಸುವ ತವರ-ಸೀಸದ ಬೆಸುಗೆ, ಅದೇ ಕರೆಂಟಿನ ಕಾವುಗೋಲು. ತಂತಿ ಕುಣಿಕೆ ಅಂಟಿತು. ಕಿತ್ತೆ, ಅರ ಹಾಕಿದೆ. ಉಳಿದ ಬೆಸುಗೆ ಬೂದು ಬಣ್ಣ, ಸೂಜಿ ಒತ್ತಿದರೆ ಒಳಗೆ ಇಳಿಯುವಷ್ಟು ಮೆತ್ತಗೆ. ತಗಡಿನ ಮೇಲೆ ನೇರಳೆ ಕಲೆ ಬರಲೇ ಇಲ್ಲ. ಈ ಬೆಸುಗೆ 183 ಡಿಗ್ರಿಗೇ ಕರಗುತ್ತದೆ, ಅಷ್ಟು ಕಾವಿಗೆ ಬೆಳ್ಳಿಯೊಳಗಿನ ತಾಮ್ರಕ್ಕೆ ಏನೂ ಆಗುವುದಿಲ್ಲ. ನಾಣ್ಯದ ಮೇಲಿನ ನಾಲಿಗೆ ಹಳದಿ ಛಾಯೆಯದು, ಸೂಜಿಗೆ ಜಗ್ಗುವುದಿಲ್ಲ. ಹಾಗಾಗಿ ತವರದ ಬೆಸುಗೆ ಅಲ್ಲ.

ಎರಡನೆಯದು ಆಚಾರ್ರು ಮಾಡಿದ್ದು. ತಗಡಿನ ಮೇಲೆ ಎಲೆಯ ಗೆರೆಗಳಂತೆ ಉಳಿಯಿಂದ ಗೀರಿಸಿ, ಬಿಳಿಗಾರ ತೇಯ್ದು ಹಚ್ಚಿ, ಬೆಳ್ಳಿ ಬೆಸುಗೆಯ ಚೂರು ಇಟ್ಟು, ಗ್ಯಾಸ್ ಉರಿ ಹಿಡಿದರು. ತಗಡು ಮಂದ ಕೆಂಪಾಯಿತು, ಬೆಸುಗೆ ಮಿಂಚಿನಂತೆ ಹರಿದು ಕೂತಿತು. ನಾನು ಬಾಯಿ ಬಿಡುವ ಮೊದಲೇ ಕೈ ಅಭ್ಯಾಸದಂತೆ ಅದನ್ನು ಚಿಮುಟದಲ್ಲಿ ಹಿಡಿದು ಗಂಧಕಾಮ್ಲದ ನೀರಿಗೆ ಅದ್ದಿಬಿಟ್ಟರು. ಹೊರಗೆ ಬಂದದ್ದು ಅಪ್ಪಟ ಬಿಳಿ ತಗಡು. ಬಿಳಿಗಾರವೂ ಇಲ್ಲ, ಕಲೆಯೂ ಇಲ್ಲ. ನನ್ನ ಲೆಕ್ಕಕ್ಕೆ ಆ ಚೂರು ವ್ಯರ್ಥ.

"ಇನ್ನೊಂದು ಮಾಡಿ, ಆಸಿಡ್ ಬೇಡ" ಅಂದೆ. "ಕೊಳಕಾಗಿರತ್ತಲ್ಲಪ್ಪ" ಅಂದರು. ಕೊಳಕೇ ಬೇಕಾಗಿತ್ತು.

ಮೂರನೆಯದರಲ್ಲಿ ಬೇಕಾದದ್ದೆಲ್ಲ ಬಂತು. ಬೆಸುಗೆಯ ಸುತ್ತ ಅದೇ ಬೂದು-ನೇರಳೆ ಮಸುಕು. ಉಳಿ ಗೀರಿನ ಸಂದಿಯಲ್ಲಿ ಹೊಳೆಯುವ ನೀಲಿ-ಹಸಿರು ಹನಿ, ಗಾಳಿಗುಳ್ಳೆ ಸಮೇತ. ಸಾಂದ್ರತೆ, ವ್ಯಾಸ ಇವೆಲ್ಲ ಅಂಕಿಗಳು. ಈ ಹನಿಯನ್ನೂ ನಾಣ್ಯದ ಹನಿಯನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕ ಖುಷಿಯೇ ಬೇರೆ.

ಆ ಮಸುಕು ಮೇಲೆ ಕೂತ ಕಪ್ಪಲ್ಲ ಎಂಬುದನ್ನು ಮನೆಗೆ ಬಂದು ಖಾತ್ರಿ ಮಾಡಿಕೊಂಡೆ. ತಗಡಿನ ಚೂರನ್ನು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನಲ್ಲಿ ಇಟ್ಟರೆ ಬೆಳ್ಳಿಯ ಮಾಮೂಲಿ ಕಪ್ಪು ಹೋಗುತ್ತದೆ. ಈ ಕಲೆ ಅಲುಗಲಿಲ್ಲ. ಕಾದಾಗ ಗಾಳಿ ಬೆಳ್ಳಿಯ ಮೈಯೊಳಗೆ ಇಳಿದು ಅಲ್ಲಿನ ತಾಮ್ರವನ್ನು ಕಿಟ್ಟ ಮಾಡಿರುತ್ತದೆ. ಅದು ಮೇಲ್ಮೈಯ ಕೆಳಗೂ ಸ್ವಲ್ಪ ಆಳಕ್ಕೆ ಇರುತ್ತದೆ. ಈ 'ಸ್ವಲ್ಪ ಆಳ' ಮುಂದಿನ ಹಂತಕ್ಕೆ ಬಹಳ ಉಪಯೋಗಕ್ಕೆ ಬಂತು.

ಎರಡನೇ ಚೂರು ವ್ಯರ್ಥ ಅಂದೆನಲ್ಲ, ಅದೂ ಒಂದು ವಿಷಯ ಹೇಳಿತು. ಆಸಿಡ್‌ನಲ್ಲಿ ಅದ್ದಿದ್ದರೆ ನಾಣ್ಯದಲ್ಲಿ ಬಿಳಿಗಾರ ಉಳಿಯುತ್ತಿರಲಿಲ್ಲ. ಅಂದರೆ ಕುಣಿಕೆ ಹಾಕಿದವರು ಅವಸರದಲ್ಲಿದ್ದರು, ಸುಮ್ನೆ ನೀರಿಗೆ ಅದ್ದಿ ಒರೆಸಿ ಕೊಟ್ಟಿದ್ದಾರೆ. ಕಲೆ ಹಿಂಬದಿಗೆ ಬರುವಂತೆ ನೋಡಿಕೊಂಡಿದ್ದಾರೆ ಅಷ್ಟೇ.

ಹಂತ 7: ಯಾವುದು ಮೊದಲು

ಈಗ ಗುರುತುಗಳು ಒಂದನ್ನೊಂದು ಮುಟ್ಟುವ ಜಾಗಗಳು.

ಹಿಂಬದಿಯ ಎಲೆಗಳ ಮೇಲೆ ಕಲೆ ಎಲ್ಲೆಲ್ಲಿದೆ ಅಂತ ನೋಡಿದೆ. ಎಲೆಗಳ ಸಂದಿಯಲ್ಲಿ, ತಗ್ಗಿನಲ್ಲಿ ನೇರಳೆ ಇದೆ. ಎಲೆಯ ನೆತ್ತಿಯಲ್ಲಿ ಇಲ್ಲ, ಅಲ್ಲಿ ಬಿಳಿ ಬೆಳ್ಳಿ. ಕಾಯಿಸಿದಾಗ ಕಲೆ ತಗ್ಗು-ಎತ್ತರ ನೋಡಿ ಬರುವುದಿಲ್ಲ, ಎರಡಕ್ಕೂ ಬರುತ್ತದೆ. ನೆತ್ತಿಯದು ಹೋಗಿದೆ ಅಂದರೆ ಬೆಸುಗೆಯಾದ ಮೇಲೆ ಅದು ಉಜ್ಜಿ ಸವೆದಿದೆ. ಮೈಗೆ, ಬಟ್ಟೆಗೆ ತಾಗಿಕೊಂಡು ಬಹಳ ಕಾಲ ನೇತಾಡಿದ ಪದಕದ ಗುರುತು ಇದು. ಇನ್ನೊಂದು ಸಾಕ್ಷಿಯೂ ಇದೆ. ಜೇಬು, ಥೈಲಿಗಳಲ್ಲಿ ಓಡಾಡಿದ ರೂಪಾಯಿಯಲ್ಲಿ ಎತ್ತರವಾಗಿರುವ ರಾಣಿಯ ಮುಖ ಮುಂಚೆ ಸವೆಯಬೇಕು. ಇಲ್ಲಿ ಕಿರೀಟ, ಕೂದಲ ಗೆರೆ ಇನ್ನೂ ಕಾಣುತ್ತಿದೆ, ಹಿಂಬದಿಯ ಹೂಬಳ್ಳಿ ಅದಕ್ಕಿಂತ ಜಾಸ್ತಿ ಸವೆದಿದೆ. ರಾಣಿಯ ಮುಖ ಹೊರಗೆ, ಹೂಬಳ್ಳಿ ಎದೆಯ ಕಡೆಗೆ.

ಬಿಳಿಗಾರದ ಹನಿ ಕೂತಿರುವ ಎಲೆಯ ಪಕ್ಕವೂ ಹೊಸ ನಾಣ್ಯದಷ್ಟು ಚೂಪಾಗಿಲ್ಲ, ಮೊದಲೇ ಮೊಂಡಾಗಿದೆ. ಹಾಗಾಗಿ ಕುಣಿಕೆ ಬೀಳುವ ಮೊದಲೂ ಇದು ಕೈಯಿಂದ ಕೈಗೆ ಸಾಕಷ್ಟು ಓಡಾಡಿದೆ.

ಚಪ್ಪಟೆ ಅಂಚಿನ ಹತ್ತಿರ ಹಿಂಬದಿಯಲ್ಲಿ ನೇರಳೆ ಕಲೆ ಅಂಚಿನವರೆಗೂ ಬಂದು ಕತ್ತರಿಸಿದಂತೆ ನಿಂತಿದೆ. ಅರದ ಗೆರೆಗಳ ಒಳಗೆ ಕಲೆ ಇಲ್ಲ. ಅರ ಆ ಕಲೆಯ ಪದರವನ್ನು ದಾಟಿ ಕೆಳಗಿನ ಬಿಳಿ ಬೆಳ್ಳಿಯನ್ನು ಮುಟ್ಟಿದೆ. ಬೆಂಕಿ ಮೊದಲು, ಅರ ಆಮೇಲೆ. ಹಿಂಬದಿಯ ಸಣ್ಣ ಗೀರುಗಳು ಕಲೆಯ ಮೇಲೂ ನಾಲಿಗೆಯ ಮೇಲೂ ಎಲೆಯ ಸವೆದ ನೆತ್ತಿಯ ಮೇಲೂ ಒಂದೇ ಸಮ ಓಡಿವೆ, ಎಲ್ಲೂ ಸವೆದಿಲ್ಲ. ಕುಣಿಕೆ ಕಿತ್ತವರೇ ಉಳಿದ ಬೆಸುಗೆಯನ್ನು ಮರೆಸಲು ಉಜ್ಜುಕಾಗದ ಆಡಿಸಿದ್ದಾರೆ.

ಅರದ ಗೆರೆಗಳ ಒಳಗೆ ತೆಳು ಹಳದಿ ಮಾತ್ರ, ಬೇರೆ ತಗ್ಗುಗಳಲ್ಲಿ ಗಾಢ ಕಪ್ಪು. ಕಿತ್ತದ್ದು ಇತ್ತೀಚೆಗೆ ಅನ್ನಿಸುತ್ತದೆ. ಎಷ್ಟು ವರ್ಷ ಅಂತ ಮಾತ್ರ ಕಪ್ಪು ನೋಡಿ ಹೇಳಲಾಗದು. ಬೀರುವಿನಲ್ಲಿ ಇಟ್ಟ ಬೆಳ್ಳಿಗೂ ಅಡುಗೆಮನೆ ಹೊಗೆಗೆ ಬಿದ್ದ ಬೆಳ್ಳಿಗೂ ಕಪ್ಪು ಹಿಡಿಯುವ ವೇಗ ಬೇರೆ.

ಹಂತ 8: ಅರ್ಧಚಂದ್ರ

ಉಳಿದದ್ದು ಕುತ್ತಿಗೆಯ ಗುದ್ದು. ಗುದ್ದು ಬಿದ್ದಾಗ ಲೋಹ ಸುತ್ತ ಏಳುತ್ತದೆ, ಚಿಕ್ಕ ದಂಡೆಯಂತೆ. ಇಲ್ಲಿ ಆ ದಂಡೆ ಸವೆದು ಮಟ್ಟವಾಗಿದೆ, ಬೆರಳಿಗೆ ತಾಗುವುದೇ ಇಲ್ಲ. ಗುದ್ದಿನ ಒಳಗೆ ಹಳೆ ಕಪ್ಪು. ಹಾಗಾಗಿ ಇದು ಹಳೆಯದು, ನಾಣ್ಯ ಚಲಾವಣೆಯಲ್ಲಿ ಇದ್ದಾಗಿನದು.

ಚಿನಿವಾರರು, ಸರಾಫರು ರೂಪಾಯಿಯ ಬೆಳ್ಳಿ ಅಸಲಿಯೋ ನಕಲಿಯೋ ಅಂತ ನೋಡಲು ಚಿಕ್ಕ ಉಳಿಯಿಂದ ಗುದ್ದುತ್ತಿದ್ದರು. ನೋಡಿ ಒಪ್ಪಿದ್ದಕ್ಕೆ ತಮ್ಮ ಗುರುತನ್ನೂ ಒತ್ತುತ್ತಿದ್ದರು. ಮೊಗಲರ ಕಾಲದ ರೂಪಾಯಿಗಳ ಮೇಲೆ ಇಂಥ ಗುರುತು ಹೇರಳವಾಗಿ ಸಿಗುತ್ತವೆ, ರಾಣಿ ರೂಪಾಯಿಗಳ ಮೇಲೂ ಸಿಗುತ್ತವೆ. ಸರ್ಕಾರದವರು ಅನುಮಾನದ ನಾಣ್ಯ ಕತ್ತರಿಸಿದ ಗುರುತಿರಬಹುದಾ ಅಂತಲೂ ಯೋಚಿಸಿದೆ. ಆ ಕಾಲದ ನಾಣ್ಯ ಕಾಯ್ದೆಯಲ್ಲಿ ನಕಲಿ ನಾಣ್ಯ, ತೀರ ತೂಕ ಕಳೆದುಕೊಂಡ ನಾಣ್ಯ ಕತ್ತರಿಸುವ ಅಧಿಕಾರ ಇತ್ತು. ಆದರೆ ಹಾಗೆ ಕತ್ತರಿಸುವುದು ನಾಣ್ಯ ಮತ್ತೆ ಓಡದಂತೆ ಮಾಡಲು. ಇದು ಆಮೇಲೂ ಓಡಿದೆ, ದಂಡೆ ಸವೆಯುವಷ್ಟು. ಹಾಗಾಗಿ ನನ್ನ ಮತ ಸರಾಫನ ಕಡೆಗೆ.

ಹಂತ 9: ಭಾವ, ಮತ್ತೆ ಲಕೋಟೆ

ಫೋಟೋಗಳನ್ನೆಲ್ಲ ತೋರಿಸಿದೆ. ಭಾವ ಎರರ್ ಹೋಯಿತು ಅಂತ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು, "ಯಾರೋ ಹೆಣ್ಣುಮಗಳು ಹಾಕ್ಕೊಂಡಿದ್ದಳು ಅಂತಾಯ್ತಲ್ಲ. ಮತ್ತೆ ಕುಣಿಕೆ ಹಾಕಿಸಿದ್ರೆ ಹೇಗೆ?" ಅಂದರು. ಹಾಕ್ಕೊಂಡದ್ದು ಹೆಣ್ಣೋ ಗಂಡೋ ಮಗುವೋ, ಅದಕ್ಕೆ ಯಾವ ಸಾಕ್ಷಿಯೂ ಇಲ್ಲ. ಕುಣಿಕೆಗೆ ಮಾತ್ರ ಖಡಾಖಂಡಿತವಾಗಿ ಬೇಡ ಅಂದೆ. ಇನ್ನೊಮ್ಮೆ ಉರಿ ಹಿಡಿದರೆ ಹಳೆ ಕಲೆಯ ಮೇಲೆ ಹೊಸ ಕಲೆ ಬೀಳುತ್ತದೆ, ಬಿಳಿಗಾರದ ಹನಿ ಕರಗಿ ಹರಿಯುತ್ತದೆ.

ಮಾರಿದವರಿಗೆ ಭಾವ ಫೋಟೋ ಕಳಿಸಿದರು. "ನಮಗೂ ಹಾಗೇ ಹೇಳಿ ಕೊಟ್ಟಿದ್ದು ಸಾರ್" ಎಂಬ ಉತ್ತರ ಬಂತು. 1,500 ವಾಪಸ್ ಕೊಟ್ಟರು, ಅದೂ ಎರಡು ಕಂತಿನಲ್ಲಿ.

ನಾಣ್ಯ ಬಂದದ್ದು ಮೆತ್ತನೆಯ ಪಿವಿಸಿ ಲಕೋಟೆಯಲ್ಲಿ. ಅದರಲ್ಲೇ ಬಿಟ್ಟರೆ ಆ ಪ್ಲಾಸ್ಟಿಕ್ ಕ್ರಮೇಣ ಹಸಿರು ಲೋಳೆ ಬಿಡುತ್ತದೆ. ಆಗ ನಿಜವಾದ ಹಸಿರೂ ಬಿಳಿಗಾರದ ಹಸಿರೂ ಬೆರೆತು ಯಾರಿಗೂ ಏನೂ ಗೊತ್ತಾಗದು. ಮೈಲಾರ್ ಎಂಬ ಬೇರೆ ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಇರುವ ರಟ್ಟಿನ ಹೋಲ್ಡರಿಗೆ ಹಾಕಿದೆ. ಪಿನ್ ಹೊಡೆದ ಮೇಲೆ ಅದರ ಮೊನೆಗಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು: 11.31 ಗ್ರಾಂ, 30.5/30.2, ಕುಣಿಕೆ ತೆಗೆದದ್ದು, ತೊಳೆಯಬೇಡಿ.